ಹಾಡುಗಳು ಮಾಡಿದ ತಪ್ಪೇನು? ಬಿಬಿಸಿ ಫೋರ್‌ಗೆ ಒಂದು ಬಹಿರಂಗ ಪತ್ರ

ಬಿಬಿಸಿ ಫೋರ್ ವಾಹಿನಿಯ ಮುಖ್ಯಸ್ಥರಿಗೆ ಮತ್ತು ಬಿಬಿಸಿಯ ಹಳೆಯ ಟೇಪುಗಳ ಉಸ್ತುವಾರಿ ನೋಡುವವರಿಗೆ,

ಮಾನ್ಯರೇ,

ನಮಸ್ಕಾರ. ದೂರು ಹೇಳುವ ಮೊದಲು ಥ್ಯಾಂಕ್ಸ್ ಹೇಳಿಬಿಡುತ್ತೇನೆ. 2011ರ ಏಪ್ರಿಲ್‌ನಲ್ಲಿ ನೀವು ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಪಾಪ್ ಹಾಡುಗಳ ಕಾರ್ಯಕ್ರಮದ ಹಳೆಯ ಕಂತುಗಳ ಮರುಪ್ರಸಾರ ಶುರು ಮಾಡಿದಿರಿ. ಮೊದಲು ಹಾಕಿದ್ದು 1976ರ ಏಪ್ರಿಲ್ 1ರ ಕಂತು. 35 ವರ್ಷದ ಹಿಂದೆ ಈ ವಾರ ಏನು ಬಂದಿತ್ತೋ ಅದೇ ಈಗಲೂ ಬರಲಿ ಅನ್ನೋ ಸರಳ ಲೆಕ್ಕ. ಇಂಥ ಕೆಲಸಗಳು ಒಂದೆರಡು ವರ್ಷದಲ್ಲಿ ನಿಂತುಹೋಗುವುದೇ ಜಾಸ್ತಿ. ನೀವು ನಿಲ್ಲಿಸಲಿಲ್ಲ. 70ರ ದಶಕ ಮುಗಿಸಿ, 80 ದಾಟಿ, 90ರೊಳಗೂ ಕಾಲಿಟ್ಟಿರಿ. ಗುರುವಾರ ಇದ್ದದ್ದು ಶುಕ್ರವಾರಕ್ಕೆ ಬಂತು. ಇಂಗ್ಲೆಂಡಿನ ನಮ್ಮ ಮನೆಯಲ್ಲಂತೂ ಶುಕ್ರವಾರ ರಾತ್ರಿ ರಿಮೋಟ್‌ಗಾಗಿ ಜಗಳವೇ ಇಲ್ಲ.

ಇಷ್ಟು ಹೇಳಿದ ಮೇಲೆ ವಿಷಯಕ್ಕೆ ಬರುತ್ತೇನೆ. ನೀವು ತೋರಿಸುತ್ತಿರುವುದು ಪೂರ್ತಿ ಸರಣಿ ಅಲ್ಲ. ಅಲ್ಲಲ್ಲಿ ತೂತು ಬಿದ್ದ ಸರಣಿ. ಕೆಲವು ತೂತುಗಳು ನಿಮ್ಮ ಹಿಂದಿನವರು ಮಾಡಿಟ್ಟು ಹೋದವು, ಅವನ್ನು ಮುಚ್ಚಲು ಯಾರಿಂದಲೂ ಆಗದು. ಉಳಿದವನ್ನು ನೀವೇ ಮಾಡುತ್ತಿದ್ದೀರಿ. ನನ್ನ ತಕರಾರು ಅವುಗಳ ಬಗ್ಗೆ.

ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಬೇರೆಯಾಗಿ ಕಳಿಸುತ್ತಿದ್ದೇನೆ. ಕನ್ನಡದಲ್ಲೂ ಬರೆದು ಎಲ್ಲರ ಮುಂದಿಡುವುದಕ್ಕೆ ಕಾರಣ ಇದೆ. ಈ ಲೆಕ್ಕದಲ್ಲಿ ಬೆಂಗಳೂರಿನ ಒಬ್ಬರ ಬಾಕಿಯೂ ಸೇರಿದೆ. ಅದು ಮುಂದೆ ಬರುತ್ತದೆ.

ಕನ್ನಡದ ಓದುಗರಿಗಾಗಿ ಎರಡು ಮಾತು. ನಮ್ಮ ಹಿರಿಯರಿಗೆ ರೇಡಿಯೋ ಸಿಲೋನ್‌ನ ಬಿನಾಕಾ ಗೀತಮಾಲಾ ಹೇಗೋ, ಬ್ರಿಟನ್ನಿನವರಿಗೆ ಟಾಪ್ ಆಫ್ ದಿ ಪಾಪ್ಸ್ ಹಾಗೆ. ಆ ವಾರ ಯಾವ ರೆಕಾರ್ಡು ಎಷ್ಟು ಮಾರಾಟವಾಯಿತು ಅನ್ನೋ ಚಾರ್ಟೇ ಇದಕ್ಕೆ ಆಧಾರ. 1964ರ ಜನವರಿ 1ರಂದು ಮ್ಯಾಂಚೆಸ್ಟರಿನ ಡಿಕನ್‌ಸನ್ ರಸ್ತೆಯಲ್ಲಿ, ಹಳೆಯ ಚರ್ಚೊಂದನ್ನು ಸ್ಟುಡಿಯೋ ಮಾಡಿಕೊಂಡ ಕಟ್ಟಡದಲ್ಲಿ ಶುರುವಾಯಿತು. ಮೊದಲ ದಿನ ಹಾಡಿದವರಲ್ಲಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಇದ್ದರು, ರೋಲಿಂಗ್ ಸ್ಟೋನ್ಸ್ ಇದ್ದರು. ಚಾರ್ಟಿನಲ್ಲಿ ಮೇಲೇರುತ್ತಿರುವ ಹಾಡಿಗಷ್ಟೇ ಜಾಗ. ಇಳಿಯುತ್ತಿರುವ ಹಾಡು ಎಷ್ಟೇ ದೊಡ್ಡವರದ್ದಾದರೂ ಇಲ್ಲ. ಕೊನೆಗೆ ನಂಬರ್ ಒನ್. ಹೀಗೆ ವಾರವಾರ ನಡೆದು 2006ರ ಜುಲೈ 30ಕ್ಕೆ ನಿಂತಿತು.

ಮಾನ್ಯರೇ, ಮೊದಲ ತೂತು ಬಹಳ ದೊಡ್ಡದು. 1964ರಿಂದ 1973ರವರೆಗೆ ಸುಮಾರು 500 ಕಂತುಗಳು ಬಂದವು. ನಿಮ್ಮ ಬಳಿ ಪೂರ್ತಿಯಾಗಿ ಉಳಿದಿರುವುದು 20ರ ಆಸುಪಾಸು. ಆ ಕಾಲದಲ್ಲಿ ವಿಡಿಯೋ ಟೇಪ್ ದುಬಾರಿ. ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೆ ಇನ್ನೊಂದು ರೆಕಾರ್ಡ್ ಮಾಡುವುದು ಮಾಮೂಲಿ. ಪಾಪ್ ಹಾಡು ಇವತ್ತು ಇರುತ್ತದೆ, ನಾಳೆ ಹೋಗುತ್ತದೆ, ಯಾರು ಮತ್ತೆ ನೋಡುತ್ತಾರೆ ಅನ್ನೋ ಭಾವನೆ. ಕಲರ್ ಬಂದ ಮೇಲೆ ಕಪ್ಪು-ಬಿಳುಪಿನ ಟೇಪುಗಳನ್ನು ಕೇಳುವವರೇ ಇರಲಿಲ್ಲ.

ಇದರ ಫಲ ಏನಾಯಿತು ನೋಡಿ. ಬೀಟಲ್ಸ್ ತಂಡ 1966ರ ಜೂನ್ 16ರಂದು ಈ ಕಾರ್ಯಕ್ರಮಕ್ಕೆ ಖುದ್ದಾಗಿ ಬಂದು ಲೈವ್ ಆಗಿ ಕಾಣಿಸಿಕೊಂಡಿತ್ತು. ಆ ಟೇಪ್ ಇಲ್ಲ. ಯಾರೋ ತಮ್ಮ ಮನೆಯ ಟಿವಿಗೆ ಸಿನಿಮಾ ಕ್ಯಾಮೆರಾ ಹಿಡಿದು ತೆಗೆದುಕೊಂಡ 11 ಸೆಕೆಂಡಿನ ಮೂಕಚಿತ್ರ 2019ರಲ್ಲಿ ಸಿಕ್ಕಿತು. ಅದಕ್ಕೇ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಅವರದೇ 1965ರ ಹಾಡಿನ ತುಣುಕೊಂದು ಉಳಿದದ್ದು ಇನ್ನೂ ತಮಾಷೆ. ‘ಡಾಕ್ಟರ್ ಹೂ’ ಧಾರಾವಾಹಿಯ ಒಂದು ದೃಶ್ಯದಲ್ಲಿ ಪಾತ್ರಗಳು ಟಿವಿಯಂಥ ಯಂತ್ರದಲ್ಲಿ ಅದನ್ನು ನೋಡುತ್ತವೆ. ಆ ಧಾರಾವಾಹಿಯ ಕಂತು ಉಳಿಯಿತು, ಅದರ ಹೊಟ್ಟೆಯಲ್ಲಿ ಹಾಡೂ ಉಳಿಯಿತು.

ಡೇವಿಡ್ ಬೋವಿ 1973ರ ಜನವರಿಯಲ್ಲಿ ‘ಜೀನ್ ಜೀನೀ’ ಹಾಡಿದ್ದು ನಿಮ್ಮ ಕಪಾಟಿನಲ್ಲಿ ಇರಲಿಲ್ಲ. ಅವತ್ತು ಸ್ಟುಡಿಯೋದಲ್ಲಿ ತಾವೇ ಮಾಡಿದ ಫಿಶ್‌ಐ ಲೆನ್ಸ್ ಹಾಕಿ ಶೂಟ್ ಮಾಡಿದ್ದ ಕ್ಯಾಮೆರಾಮನ್ ಜಾನ್ ಹೆನ್‌ಶಾಲ್ ತಮಗಾಗಿ ಒಂದು ಪ್ರತಿ ಮಾಡಿಸಿ ಇಟ್ಟುಕೊಂಡಿದ್ದರು. 2011ರ ಕೊನೆಯಲ್ಲಿ ಅದು ಹೊರಬಂತು. ಅಂದರೆ ದೇಶದ ದೊಡ್ಡ ಪ್ರಸಾರ ಸಂಸ್ಥೆ ಬೇಡವೆಂದು ಬಿಟ್ಟದ್ದನ್ನು ಒಬ್ಬ ನೌಕರ ಮನೆಯಲ್ಲಿ ಜೋಪಾನ ಮಾಡಿದ. ಈ ತಪ್ಪು ನಿಮ್ಮದಲ್ಲ, ನಿಮಗಿಂತ ಎರಡು ತಲೆಮಾರು ಹಿಂದಿನವರದು. (ನಮ್ಮ ಕಡೆಯೂ ಜಂಬ ಪಡುವಂಥದ್ದೇನಿಲ್ಲ. ಬೆಂಗಳೂರು ದೂರದರ್ಶನದ ‘ಚಿತ್ರಮಂಜರಿ’ಗೆ ಬೀದಿಗೆ ಬೀದಿಯೇ ಕಾದು ಕೂರುತ್ತಿತ್ತು. ಆ ಹಳೆಯ ಕಂತುಗಳನ್ನು ವಾರವಾರ ಸಾಲಾಗಿ ಯಾರಾದರೂ ತೋರಿಸುತ್ತಾರಾ? ಅದಕ್ಕೆ ಬೇರೆಯದೇ ಪತ್ರ ಬರೆಯಬೇಕು.)

ಈಗ ಎರಡನೇ ತೂತು. ಇದು ನೀವು ಮಾಡಿದ್ದು.

2012ರ ಅಕ್ಟೋಬರ್‌ನಲ್ಲಿ ಜಿಮ್ಮಿ ಸ್ಯಾವಿಲ್‌ನ ಬಣ್ಣ ಬಯಲಾಯಿತು. ಅವನು ಸತ್ತು ಆಗಲೇ ಒಂದು ವರ್ಷ. ಟಾಪ್ ಆಫ್ ದಿ ಪಾಪ್ಸ್‌ನ ಮೊದಲ ಕಂತಿನ ನಿರೂಪಕ ಅವನೇ. 2006ರ ಕೊನೆಯ ಕಂತಿನಲ್ಲಿ ಸ್ಟುಡಿಯೋದ ದೀಪ ಆರಿಸಿದವನೂ ಅವನೇ. ಬಿಬಿಸಿಯೇ ನೇಮಿಸಿದ ಜಾನೆಟ್ ಸ್ಮಿತ್ ಅವರ ವರದಿ 2016ರಲ್ಲಿ ಬಂತು. ಬಿಬಿಸಿಯ ಕೆಲಸದ ನೆಪದಲ್ಲಿ ಅವನು 72 ಜನರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ ಎಂದು ಅದರಲ್ಲಿದೆ. ಹಾಡು ನೋಡಲು ಆಸೆಪಟ್ಟು ಇದೇ ಕಾರ್ಯಕ್ರಮದ ಸ್ಟುಡಿಯೋಗೆ ಬಂದ ಹುಡುಗಿಯರೂ ಅವರಲ್ಲಿದ್ದರು. ಅವನು ನಿರೂಪಿಸಿದ ಕಂತುಗಳನ್ನು ನೀವು ಮರುಪ್ರಸಾರದಿಂದ ತೆಗೆದಿರಿ. ಇನ್ನೊಬ್ಬ ನಿರೂಪಕರ ಮೇಲೆ ಕೇಸಾಗಿ, 2014ರಲ್ಲಿ ಶಿಕ್ಷೆಯಾಯಿತು. ಅವರ ಕಂತುಗಳೂ ಹೋದವು. 80ರ ದಶಕದ ಮೈಕ್ ಸ್ಮಿತ್ ಅವರದ್ದು ಬೇರೆಯೇ ಕಥೆ. ಅವರು ಯಾವ ತಪ್ಪೂ ಮಾಡಿದವರಲ್ಲ, ಮರುಪ್ರಸಾರಕ್ಕೆ ಒಪ್ಪಿಗೆ ಕೊಡಲಿಲ್ಲ ಅಷ್ಟೆ. ಅದು ಅವರ ಹಕ್ಕು. ಹಾಗಾಗಿ ಅವರಿದ್ದ ಕಂತುಗಳೂ ಇಲ್ಲ.

ಇಲ್ಲಿ ನನ್ನ ಮಾತು ಸ್ಪಷ್ಟವಾಗಿರಲಿ. ಸ್ಯಾವಿಲ್‌ನನ್ನು ಮತ್ತೆ ತೆರೆಗೆ ತನ್ನಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳುವವರಿದ್ದಾರೆ. ಇತಿಹಾಸ ಅಂದಮೇಲೆ ಇದ್ದದ್ದು ಇದ್ದ ಹಾಗೇ ತೋರಿಸಬೇಕು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಈ ಕಾರ್ಯಕ್ರಮ ನೋಡಿದವರಿಗೆ ಗೊತ್ತು, ನಿರೂಪಕ ಒಬ್ಬನೇ ನಿಂತು ಮಾತಾಡುವುದು ಕಡಿಮೆ. ಸುತ್ತ ಹದಿನಾರು ಹದಿನೇಳರ ಹುಡುಗಿಯರನ್ನು ನಿಲ್ಲಿಸಿಕೊಂಡು, ಹೆಗಲ ಮೇಲೆ ಕೈಹಾಕಿ ಮುಂದಿನ ಹಾಡಿನ ಹೆಸರು ಹೇಳುತ್ತಾನೆ. ಹುಡುಗಿಯರು ನಗುತ್ತಾರೆ, ಇಲ್ಲ ಮುಖ ತಿರುಗಿಸಿ ಮಾನಿಟರ್‌ನಲ್ಲಿ ತಾವು ಕಾಣುತ್ತೇವಾ ಎಂದು ನೋಡುತ್ತಾರೆ. ಆ ಹುಡುಗಿಯರು ಈಗ ಅಜ್ಜಿಯರು. ಅವರಲ್ಲಿ ಒಬ್ಬರು ರಾತ್ರಿ ಊಟ ಮಾಡುತ್ತಾ ಟಿವಿ ಹಾಕಿದಾಗ ಆ ದೃಶ್ಯ ಬರಬೇಕಾ? ಖಂಡಿತ ಬೇಡ.

ಆದರೆ ಹಾಡು ಮಾಡಿದ ತಪ್ಪೇನು? ಆ ವಾರ ಸ್ಟುಡಿಯೋಗೆ ಬಂದ ಏಳೆಂಟು ತಂಡಗಳಿಗೂ ನಿರೂಪಕನಿಗೂ ಏನು ಸಂಬಂಧ? ದೊಡ್ಡ ಹೆಸರಿನವರಿಗೆ ಇದರಿಂದ ನಷ್ಟ ಕಡಿಮೆ. ಆ ವಾರ ತಪ್ಪಿದರೆ ಅವರ ಹಾಡು ಇನ್ನೊಂದು ವಾರ ಬರುತ್ತದೆ. ಸಣ್ಣವರ ಪಾಡು ಬೇರೆ. ಜೀವನದಲ್ಲಿ ಒಂದೇ ಒಂದು ಹಾಡು ಚಾರ್ಟಿಗೆ ಏರಿ, ಒಂದೇ ಒಂದು ಗುರುವಾರ ಟಿವಿಯಲ್ಲಿ ಕಂಡವರಿದ್ದಾರೆ. ಆ ಗುರುವಾರ ನಿರೂಪಣೆಯ ಸರದಿ ಸ್ಯಾವಿಲ್‌ನದಾಗಿದ್ದರೆ, ಅವರು ನಿಮ್ಮ ಮರುಪ್ರಸಾರದಲ್ಲಿ ಇಲ್ಲವೇ ಇಲ್ಲ. ಟೇಪ್ ಅಳಿಸಿಲ್ಲ, ಭದ್ರವಾಗಿದೆ. ಜನ ನೋಡುವಂತಿಲ್ಲ ಅಷ್ಟೆ.

ಮತ್ತೆ ನರ್ತಕಿಯರು. ಆ ಕಾಲದಲ್ಲಿ ಪ್ರತಿ ವಾರವೂ ಒಂದು ಹಾಡಿಗೆ ಕಾರ್ಯಕ್ರಮದ್ದೇ ತಂಡ ಕುಣಿಯುತ್ತಿತ್ತು. 1976ರ ಏಪ್ರಿಲ್ ಕೊನೆಯವರೆಗೆ ಪ್ಯಾನ್ಸ್ ಪೀಪಲ್, ಆಮೇಲೆ ಸ್ವಲ್ಪ ಕಾಲ ರೂಬಿ ಫ್ಲಿಪ್ಪರ್, ನಂತರ ಲೆಗ್ಸ್ ಅಂಡ್ ಕೋ. ಯಾವ ಹಾಡಿಗೆ ಕುಣಿಯಬೇಕು ಅನ್ನುವುದು ಕೊನೇ ಗಳಿಗೆಯಲ್ಲಿ ತೀರ್ಮಾನ, ಕೆಲವೇ ದಿನದಲ್ಲಿ ಹೆಜ್ಜೆ ಕಲಿತು ಕ್ಯಾಮೆರಾ ಮುಂದೆ ನಿಲ್ಲಬೇಕು. ಆ ಕುಣಿತ ಒಮ್ಮೆ ಬಂದರೆ ಬಂತು, ಅದಕ್ಕೆ ರೆಕಾರ್ಡೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ನೀವು ಒಂದು ಕಂತು ಬಿಟ್ಟರೆ ಆ ಹೆಣ್ಣುಮಕ್ಕಳ ಒಂದು ವಾರದ ಬೆವರೂ ಅದರ ಜತೆ ಹೋಗುತ್ತದೆ. ಇದಂತೂ ನನಗೆ ವಿಚಿತ್ರ ಅನಿಸುತ್ತದೆ. ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದವನನ್ನು ಮರೆಮಾಡಲು ಹೋಗಿ ದುಡಿದ ಹೆಣ್ಣುಮಕ್ಕಳನ್ನೂ ಮರೆಮಾಡಿದಂತಾಯಿತು, ಅಲ್ವಾ?

ಕತ್ತರಿ ಹಾಕಲು ಆಗದು ಎಂದು ಮಾತ್ರ ಹೇಳಬೇಡಿ. ಸಂಜೆ ಏಳೂವರೆಯ ಅರ್ಧ ಗಂಟೆಗೆ ಹೊಂದಿಸಲು ನೀವು ಹಾಡುಗಳನ್ನೇ ತೆಗೆದು ಕಂತು ಚಿಕ್ಕದು ಮಾಡುತ್ತಿದ್ದಿರಿ, ಪೂರ್ತಿ ಕಂತನ್ನು ತಡರಾತ್ರಿ ಹಾಕುತ್ತಿದ್ದಿರಿ. ‘ಬಿಗ್ ಹಿಟ್ಸ್’ ಎಂದು ನಿರೂಪಕರಿಲ್ಲದೆ ಬರೀ ಹಾಡುಗಳನ್ನು ಪೋಣಿಸಿ ಕಾರ್ಯಕ್ರಮ ಮಾಡಿದ್ದೂ ನೀವೇ. ಕತ್ತರಿಯೂ ಇದೆ, ಕೈಯೂ ಪಳಗಿದೆ. ಬಿಟ್ಟುಹೋದ ಕಂತುಗಳಿಂದ ನಿರೂಪಣೆ ಪೂರ್ತಿ ತೆಗೆದು, ಹಾಡು ಮತ್ತು ಕುಣಿತವನ್ನಷ್ಟೇ ಇಟ್ಟು, ಶುರುವಿನಲ್ಲಿ ಯಾಕೆ ಹೀಗೆ ಎಂದು ಎರಡು ಸಾಲು ಬರೆದು ತೋರಿಸಿ. ಎರಡು ಮೂರು ಕಂತು ಸೇರಿಸಿ ಒಂದು ಮಾಡಿದರೂ ಸರಿಯೇ. ಈಗ ನಡೆಯುತ್ತಿರುವುದು ಏನೆಂದರೆ, ಒಂದು ವಾರದ ನಂತರ ಸುಮ್ನೆ ಎರಡು ವಾರ ಮುಂದಿನ ಕಂತು ಬರುತ್ತದೆ. ನಡುವೆ ಏನಾಯಿತು ಎಂದು ಹೇಳುವವರಿಲ್ಲ. ಹೋದ ಸಲ 20ನೇ ಸ್ಥಾನದಲ್ಲಿದ್ದ ಹಾಡು ಈ ಸಲ ನೋಡಿದರೆ ಮೂರನೆಯದು. ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ.

ಇನ್ನು ಬೆಂಗಳೂರಿನವರ ಬಾಕಿ.

ಬಿದ್ದು ಅಪ್ಪಯ್ಯ ಎಂಬ ಸಂಗೀತ ನಿರ್ಮಾಪಕರ ಹೆಸರು ನಿಮಗೆ ಗೊತ್ತಿರಬೇಕು. ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. ರೇಡಿಯೋ ಸಿಲೋನ್‌ನಲ್ಲಿ ಪಾಪ್ ಹಾಡು ಕೇಳಿಕೊಂಡು ಬೆಳೆದರು. ಗೆಳೆಯರ ಜತೆ ‘ಟ್ರೋಜನ್ಸ್’ ಎಂಬ ಬ್ಯಾಂಡ್ ಕಟ್ಟಿದರು. 1967ರಲ್ಲಿ ಇಂಗ್ಲೆಂಡಿಗೆ ಬಂದರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಜಮೈಕಾ ಮೂಲದ ಗಾಯಕನ ರೆಕಾರ್ಡಿಂಗ್ ಇಟ್ಟುಕೊಂಡಿದ್ದರು. ಮುಖ್ಯ ಹಾಡು ಬೇರೆ. ರೆಕಾರ್ಡಿನ ಹಿಂಬದಿಗೆ ಏನಾದರೂ ಬೇಕಲ್ಲ ಎಂದು ಕೊನೆಯ ಹತ್ತು ನಿಮಿಷದಲ್ಲಿ ಮುಗಿಸಿದ್ದು ‘ಕುಂಗ್ ಫೂ ಫೈಟಿಂಗ್’. ಅದು ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು, ಡಿಸೆಂಬರ್‌ನಲ್ಲಿ ಅಮೆರಿಕದಲ್ಲೂ ಆಯಿತು. 1 ಕೋಟಿ 10 ಲಕ್ಷ ಪ್ರತಿ ಮಾರಾಟವಾಯಿತು ಎನ್ನುತ್ತಾರೆ. ನಮ್ಮಲ್ಲಿ ಅವರನ್ನು ‘ಕುರ್ಬಾನಿ’ ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಹಾಡಿಗೆ, 90ರ ದಶಕದಲ್ಲಿ ಅಲಿಶಾ ಚಿನಾಯ್‌ಗೆ ಮಾಡಿದ ‘ಮೇಡ್ ಇನ್ ಇಂಡಿಯಾ’ಗೆ ನೆನೆಯುತ್ತಾರೆ. ಅದಕ್ಕೂ ಎಷ್ಟೋ ಮೊದಲೇ ಅವರು ಇಲ್ಲಿನ ಚಾರ್ಟ್ ಗೆದ್ದಿದ್ದರು.

ಅವರೇ ನಿರ್ಮಿಸಿದ, ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ 1976ರ ಮಾರ್ಚ್‌ನಲ್ಲಿ ಮೂರು ವಾರ ನಂಬರ್ ಒನ್ ಆಗಿತ್ತು. ಅದನ್ನು ಇಳಿಸಿ ಮೇಲೆ ಕೂತದ್ದು ಬ್ರದರ್‌ಹುಡ್ ಆಫ್ ಮ್ಯಾನ್ ತಂಡದ ಯೂರೋವಿಷನ್ ಸ್ಪರ್ಧೆಯ ಹಾಡು. ನಿಮ್ಮ ಮರುಪ್ರಸಾರ ಶುರುವಾದದ್ದು ಏಪ್ರಿಲ್ 1ರ ಕಂತಿನಿಂದ. ಅಂದರೆ ಕೆಲವೇ ವಾರದಲ್ಲಿ ತಪ್ಪಿತು! ಕುಂಗ್ ಫೂ ಫೈಟಿಂಗ್ ಬಂದ 1974ರ ವಾರಗಳೂ ನಿಮ್ಮ ಸಾಲಿಗೆ ಸೇರಲಿಲ್ಲ. ಬೆಂಗಳೂರಿನ ಹುಡುಗ ಈ ದೇಶದ ನಂಬರ್ ಒನ್ ಜಾಗದಲ್ಲಿ ಕೂತ ಎರಡೂ ಸಲದ ವಾರಗಳು ನಿಮ್ಮ ಕ್ಯಾಲೆಂಡರಿನಿಂದ ಹೊರಗೆ.

ಕಂತುಗಳು ಹೆಚ್ಚುಕಡಿಮೆ ಎಲ್ಲವೂ ಉಳಿದಿರುವುದು ಆ ಹೊತ್ತಿನಿಂದ ಈಚೆಗೆ, ಅದಕ್ಕೇ ಅಲ್ಲಿಂದ ಶುರು ಮಾಡಿದೆವು ಎಂದು ನೀವು ಹೇಳಬಹುದು. ನ್ಯಾಯವಾದ ಮಾತೇ. ಆದರೆ ಅದಕ್ಕೂ ಹಿಂದಿನದು ಸ್ವಲ್ಪವಾದರೂ ಇದೆ. ಅದನ್ನು ಹಬ್ಬಹರಿದಿನಕ್ಕೆ ಒಂದಿಷ್ಟು ತೆಗೆದು ತೋರಿಸಿ ಒಳಗಿಡುವ ಬದಲು ದಿನಾಂಕದ ಪ್ರಕಾರ ಜೋಡಿಸಿ ಹಾಕಿ. ನಡುವೆ ಕಂತು ಇಲ್ಲದಿದ್ದರೆ ‘ಇದು ಅಳಿಸಿಹೋಗಿದೆ’ ಎಂದು ಒಂದು ಸಾಲು ಬರಲಿ. ಯಾವ ವಾರದ್ದು ಪೂರ್ತಿ ಇದೆ, ಯಾವುದರಲ್ಲಿ ಒಂದೆರಡು ಹಾಡು ಮಾತ್ರ ಇದೆ, ಯಾವುದು ಇಲ್ಲ ಅನ್ನೋ ಪಟ್ಟಿಯನ್ನೂ ಜನರ ಮುಂದಿಡಿ. ಪಟ್ಟಿ ಇದ್ದರೆ ಹುಡುಕುವವರು ಇದ್ದಾರೆ. ಹೆನ್‌ಶಾಲ್ ಅವರಂಥವರು ಒಬ್ಬರೇ ಇರಲಾರರು.

ಸಾಲಿನೊಳಗೆ ಬಂದ ಹಾಡುಗಳಲ್ಲೂ ಅಪ್ಪಯ್ಯನವರ ಸುಳಿವಿಲ್ಲ. 1976ರ ಉಳಿದ ತಿಂಗಳಲ್ಲೂ ಅವರ ಕೈಚಳಕ ಚಾರ್ಟಿನಲ್ಲಿತ್ತು. ಜಿಮ್ಮಿ ಜೇಮ್ಸ್ ಮತ್ತು ವ್ಯಾಗಬಾಂಡ್ಸ್ ಹಾಡಿದ ‘ನೌ ಈಸ್ ದಿ ಟೈಮ್’ ಐದನೇ ಸ್ಥಾನಕ್ಕೆ ಏರಿತು. ಟೀನಾ ಚಾರ್ಲ್ಸ್ ಅವರ ‘ಡ್ಯಾನ್ಸ್ ಲಿಟಲ್ ಲೇಡಿ ಡ್ಯಾನ್ಸ್’ ಆರಕ್ಕೆ ಬಂತು, ‘ಡಾಕ್ಟರ್ ಲವ್’ ನಾಲ್ಕಕ್ಕೆ. ತೆರೆಯ ಮೇಲೆ ಬರುವುದು ಹಾಡುವವರ ಹೆಸರು, ಹಾಡಿನ ಹೆಸರು, ಅಷ್ಟೇ. ನಮ್ಮ ಪಕ್ಕದ ಮನೆಯವರು ಇದೇ ದೇಶದಲ್ಲಿ ಹುಟ್ಟಿ, ಈ ಹಾಡಿಗೇ ಕುಣಿದು ದೊಡ್ಡವರಾದವರು. ಇದನ್ನು ಮಾಡಿದ್ದು ನಮ್ಮೂರಿನವರು ಎಂದರೆ ನಂಬಲಿಲ್ಲ. ನಕ್ಕರು. ಅಟ್ಟಕ್ಕೆ ಹತ್ತಿ ಹಳೆಯ ರೆಕಾರ್ಡುಗಳ ಪೆಟ್ಟಿಗೆ ಇಳಿಸಿದರು. ಸಿಬಿಎಸ್ ಕಂಪನಿಯ ಕಿತ್ತಳೆ ಬಣ್ಣದ ಲೇಬಲ್. ಕನ್ನಡಕ ಹಣೆಗೇರಿಸಿ, ರೆಕಾರ್ಡನ್ನು ದೀಪದ ಕೆಳಗೆ ಹಿಡಿದು, ಅಂಚಿನ ಸಣ್ಣ ಅಕ್ಷರ ಓದಿದರು. ನಿರ್ಮಾಪಕರ ಜಾಗದಲ್ಲಿ ಬಿದ್ದು ಎಂದು ಅಚ್ಚಾಗಿತ್ತು. ಇಷ್ಟು ವರ್ಷ ಅದನ್ನು ಯಾವುದೋ ಕಂಪನಿಯ ಹೆಸರು ಅಂದುಕೊಂಡಿದ್ದರಂತೆ.

ಇದನ್ನು ಸರಿಮಾಡಲು ದೊಡ್ಡ ಖರ್ಚೇನೂ ಇಲ್ಲ. ‘ಟಾಪ್ ಆಫ್ ದಿ ಪಾಪ್ಸ್ 2’ ಎಂದು ನೀವೇ ಒಂದು ಕಾರ್ಯಕ್ರಮ ನಡೆಸುತ್ತಿದ್ದಿರಿ. ಹಳೆಯ ಹಾಡು ಓಡುತ್ತಿದ್ದ ಹಾಗೇ ಕೆಳಗೆ ಪುಟ್ಟ ಪುಟ್ಟ ಮಾಹಿತಿ ಬರುತ್ತಿತ್ತು. ಅದನ್ನೇ ಇಲ್ಲೂ ಮಾಡಿ. ತೆರೆಯ ಮೇಲೆ ಅಕ್ಷರ ಜಾಸ್ತಿಯಾಗುತ್ತದೆ ಅನಿಸಿದರೆ ನಿಮ್ಮ ಆನ್‌ಲೈನ್ ತಾಣ ಐಪ್ಲೇಯರ್‌ನಲ್ಲಿ ಕಂತಿನ ವಿವರ ಬರೆಯುವ ಕಡೆ ಹಾಕಿ: ಬರೆದವರು ಯಾರು, ನಿರ್ಮಿಸಿದವರು ಯಾರು, ಸ್ಟುಡಿಯೋ ಆರ್ಕೆಸ್ಟ್ರಾ ನಡೆಸಿದವರು ಯಾರು. ಜಾನಿ ಪಿಯರ್‌ಸನ್ ವರ್ಷಗಟ್ಟಲೆ ಆ ಆರ್ಕೆಸ್ಟ್ರಾ ನಡೆಸಿದರು. ಅವರ ಹೆಸರೂ ಇವತ್ತಿನವರಿಗೆ ಗೊತ್ತಿಲ್ಲ.

ನಮ್ಮ ಕಡೆಯ ಬೇರುಳ್ಳ ಇನ್ನೂ ಕೆಲವರು ಆ ಸಾಲಿನಲ್ಲಿದ್ದಾರೆ. 1982ರಲ್ಲಿ ಸಿತಾರ್ ಮತ್ತು ತಬಲಾ ಇಟ್ಟುಕೊಂಡು ‘ಎವರ್ ಸೋ ಲೋನ್ಲಿ’ ಎಂಬ ಹಾಡನ್ನು 12ನೇ ಸ್ಥಾನಕ್ಕೆ ಒಯ್ದ ಮಾನ್ಸೂನ್ ತಂಡದ ಶೀಲಾ ಚಂದ್ರ ಆಗ 17ರ ಹುಡುಗಿ. 1998ರಲ್ಲಿ ಆಶಾ ಭೋಸ್ಲೆಯವರನ್ನು ನೆನೆದ ಕಾರ್ನರ್‌ಶಾಪ್ ತಂಡದ ಹಾಡು ನಂಬರ್ ಒನ್ ಆಯಿತು. ಇಂಥವರ ಬಗ್ಗೆ ಎರಡು ಸಾಲು ಬಂದರೆ ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳೂ ಸೋಫಾದ ಮೇಲೆ ಸ್ವಲ್ಪ ಹೊತ್ತು ಜಾಸ್ತಿ ಕೂರುತ್ತಾರೆ.

ಕೊನೆಯದಾಗಿ ಐಪ್ಲೇಯರ್ ವಿಚಾರ. ಒಂದು ಕಂತು ಬಂದು ಕೆಲವು ವಾರ ಅಲ್ಲಿರುತ್ತದೆ, ಆಮೇಲೆ ಮಾಯ. ಹಾಡಿನ ಹಕ್ಕು, ಸಂಭಾವನೆ ಎಂಬ ತೊಡಕುಗಳಿವೆ, ಒಪ್ಪುತ್ತೇನೆ. ಆದರೆ 2021ರಲ್ಲಿ ಬಿಬಿಸಿ ಫೋರ್ ಇನ್ನು ಮುಂದೆ ಮುಖ್ಯವಾಗಿ ಹಳೆಯ ಕಾರ್ಯಕ್ರಮಗಳ ಚಾನೆಲ್ ಎಂದಿರಿ. ಮರುವರ್ಷವೇ, ಮುಂದೊಂದು ದಿನ ಈ ಚಾನೆಲನ್ನೇ ಟಿವಿ ಪ್ರಸಾರದಿಂದ ತೆಗೆಯುತ್ತೇವೆ ಎಂದೂ ಹೇಳಿದಿರಿ. ಚಾನೆಲ್ ಹೋದರೆ ಈ ಕಂತುಗಳು ಎಲ್ಲಿಗೆ ಹೋಗುತ್ತವೆ? ಬಿಬಿಸಿಯನ್ನು ಸಾಕುವ ಟಿವಿ ಲೈಸೆನ್ಸಿನ ದುಡ್ಡನ್ನು ವರ್ಷವರ್ಷವೂ ಕಟ್ಟುವವರು ನಾವು. 2025ರ ಏಪ್ರಿಲ್‌ನಲ್ಲಿ ಅದು 174.50 ಪೌಂಡಿಗೆ ಏರಿತು. ದುಡ್ಡು ಕೊಡುವವರಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಹಕ್ಕಿನ ತೊಡಕಿಲ್ಲದ ಕಂತುಗಳನ್ನಾದರೂ ಐಪ್ಲೇಯರ್‌ನಲ್ಲಿ ಕಾಯಂ ಆಗಿ ಬಿಡಿ. ತೊಡಕು ಇರುವುದನ್ನು ಯಾವಾಗ ಬಿಡಿಸುತ್ತೀರಿ ಎಂದು ತಿಳಿಸಿ.

ಇದೆಲ್ಲ ಒಟ್ಟಿಗೇ ಆಗದು ಎಂದು ನನಗೂ ಗೊತ್ತು. ಒಂದನ್ನೇ ಮೊದಲು ಮಾಡುವುದಾದರೆ, ಬಿಟ್ಟುಹೋದ ಕಂತುಗಳ ಹಾಡುಗಳನ್ನು ಹೊರಗೆ ತನ್ನಿ. ಅವುಗಳನ್ನು ಹಾಡಿದವರಲ್ಲಿ, ಕುಣಿದವರಲ್ಲಿ ಬಹಳ ಮಂದಿಗೆ ಈಗ ಎಪ್ಪತ್ತು ದಾಟಿದೆ. ಮಾಡುವುದಾದರೆ ಬೇಗ ಮಾಡಿ. ಮಾಡುವುದಿಲ್ಲ ಎಂದಾದರೆ ಯಾಕೆ ಎಂದು ಬಹಿರಂಗವಾಗಿಯೇ ಉತ್ತರ ಕೊಡಿ.

ಇಂತಿ,
ನಿಮ್ಮ ಶುಕ್ರವಾರದ ವೀಕ್ಷಕ,
ಮಿಲ್ಟನ್ ಕೀನ್ಸ್‌ನಲ್ಲಿ ನೆಲೆಸಿರುವ ಒಬ್ಬ ಬೆಂಗಳೂರಿಗ